ಏನನ್ನು ಬಿಟ್ಟುಕೊಟ್ಟೆವು?

ಪ್ರಾಮಾಣಿಕತೆ, ಕುಟುಂಬ, ಸ್ವಾತಂತ್ರ್ಯ ಎಂದು ಪಟ್ಟಿಯಿಂದ ಐದು ಪದ ಆರಿಸಿ ‘ಇವೇ ನನ್ನ ಮೌಲ್ಯಗಳು’ ಎನ್ನುವ ಅಭ್ಯಾಸದಲ್ಲಿ ನನಗೆ ನಂಬಿಕೆ ಕಡಿಮೆ. ನಾವು ಹೇಗೆ ಕಾಣಿಸಿಕೊಳ್ಳಲು ಬಯಸುತ್ತೇವೆ ಎಂಬುದನ್ನಷ್ಟೇ ಆ ಪಟ್ಟಿ ಹೇಳುತ್ತದೆ. ಏನನ್ನು ಕಳೆದುಕೊಳ್ಳಲು ಒಪ್ಪಿದೆವು ಎಂಬುದು ಅದಕ್ಕಿಂತ ಗಟ್ಟಿ ಸಾಕ್ಷಿ. ಸಾಹಿತಿ ಶಿವರಾಮ ಕಾರಂತರು ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದರು. ಕೈಗಾ ಅಣುಸ್ಥಾವರವನ್ನು ವಿರೋಧಿಸುತ್ತ, ಎಂಬತ್ತು ದಾಟಿದ ವಯಸ್ಸಿನಲ್ಲಿ 1989ರ ಲೋಕಸಭಾ ಚುನಾವಣೆಗೆ ನಿಂತು ಸೋತರು. ಸ್ಥಾವರವೂ ಬಂತು. ಫಲವನ್ನಷ್ಟೇ ಎಣಿಸುವವರಿಗೆ ಇದು ಬರೀ ನಷ್ಟದ ಬಾಬತ್ತು.

ಹಿಂದಿರುಗಿಸಲು ಎಲ್ಲರ ಬಳಿ ಪದ್ಮಭೂಷಣ ಇರುತ್ತದೆಯೇ, ಸಾಲದ ಕಂತು ಕಟ್ಟುವವನು ಏನನ್ನು ಬಿಟ್ಟಾನು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಕೆಲಸ ಬಿಡಲಾಗದವನಿಗೆ ಮೌಲ್ಯವಿಲ್ಲ ಎನ್ನುವುದು ಅಹಂಕಾರ. ಆದರೆ ಅವನಿಗೂ ತನ್ನದೆನ್ನುವ ಒಂದಿಷ್ಟು ಸಂಜೆಗಳಿವೆ, ಸುಳ್ಳು ಬಿಲ್ಲಿಗೆ ಸಹಿ ಹಾಕುವ ಮುನ್ನ ಒಂದು ಗಳಿಗೆಯಿದೆ. ಇದಕ್ಕಿಂತ ತೊಡಕಿನ ಆಕ್ಷೇಪ ಇನ್ನೊಂದಿದೆ: ಕಳೆದುಕೊಂಡದ್ದೇ ಸಾಕ್ಷಿಯಾದರೆ, ಹಟಮಾರಿಯೂ ಬೆಲೆ ತೆರುತ್ತಾನಲ್ಲ? ತೆರುತ್ತಾನೆ, ಆದರೆ ಬಹಳ ಸಲ ಮನೆಯವರ ಗಂಟಿನಿಂದ (ಗಂಡಸರು ಈ ಸಾಲನ್ನು ತುಸು ನಿಧಾನವಾಗಿ ಓದಬೇಕು). ಹಾಗಾಗಿ ಏನನ್ನು ಬಿಟ್ಟೆ ಎಂಬುದರ ಜೊತೆಗೆ, ಬಿಟ್ಟದ್ದು ಯಾರದು ಎಂಬುದನ್ನೂ ನೋಡಬೇಕಾಗುತ್ತದೆ. ಕಾರಂತರ ವಿಷಯದಲ್ಲಿ ಹೋದದ್ದು ಅವರದೇ ಪದಕ, ಅವರದೇ ಚುನಾವಣೆ.