ಮಳೆಯಲ್ಲಿ ನಿಂತ ಚಾಂಪಿಯನ್

ಗಾಲ್ಫ್ ಎಂದರೆ ಹಣವಂತರ ಆಟ ಎಂದುಕೊಂಡು ಅದರ ಸುದ್ದಿಯಿರುವ ಪುಟವನ್ನು ನಾನು ಓದದೆ ಮಗುಚುತ್ತಿದ್ದೆ. ಪಾಪ್ವಾ ಸೆವ್ಗೋಲಮ್ ಅವರ ಬದುಕಿನ ಬಗ್ಗೆ ತಿಳಿದ ಮೇಲೆ ಆ ಅಭ್ಯಾಸ ತಪ್ಪಿತು.

1860ರಿಂದ ಕಬ್ಬಿನ ತೋಟಗಳ ದುಡಿಮೆಗೆಂದು ಭಾರತದಿಂದ ಸಾವಿರಾರು ಜನರನ್ನು ದಕ್ಷಿಣ ಆಫ್ರಿಕಾದ ನಟಾಲ್‌ಗೆ ಸಾಗಿಸಲಾಯಿತು. ಅಲ್ಲಿನ ಡರ್ಬನ್ ನಗರದ ಬಡ ಭಾರತೀಯ ಕುಟುಂಬವೊಂದರಲ್ಲಿ ಹುಟ್ಟಿದವರು ಪಾಪ್ವಾ. ಓದು ಬರಹ ಕಲಿಯಲಾಗಲಿಲ್ಲ. ಬಿಳಿಯರ ಗಾಲ್ಫ್ ಚೀಲ ಹೊರುವ ಕ್ಯಾಡಿ ಕೆಲಸವೇ ಅವರ ಪಾಠಶಾಲೆಯಾಯಿತು. ಬಲಗೈ ಆಟಗಾರರು ಕೋಲು ಹಿಡಿಯುವಾಗ ಎಡಗೈ ಮೇಲೆ, ಬಲಗೈ ಕೆಳಗೆ ಇರುತ್ತದೆ. ಪಾಪ್ವಾರದು ತದ್ವಿರುದ್ಧ. ತಿದ್ದಲು ಗುರುವಿರಲಿಲ್ಲ, ಅದೇ ಕೈಯಲ್ಲಿ ಗೆದ್ದರು.

1959ರಲ್ಲಿ ಅವರು ಹಾಲೆಂಡಿನ ರಾಷ್ಟ್ರೀಯ ಚಾಂಪಿಯನ್‌ಶಿಪ್ ಆದ ಡಚ್ ಓಪನ್ ಗೆದ್ದರು. 1960ರಲ್ಲಿ ಮತ್ತೆ, 1964ರಲ್ಲಿ ಮೂರನೆಯ ಬಾರಿ. ಪರದೇಶ ಮೂರು ಸಲ ತಲೆಯ ಮೇಲೆ ಹೊತ್ತ ಈ ಮನುಷ್ಯನನ್ನು ಸ್ವಂತ ನಾಡು ಹೇಗೆ ನಡೆಸಿಕೊಂಡಿತು?

1963ರಲ್ಲಿ ಡರ್ಬನ್ ಕಂಟ್ರಿ ಕ್ಲಬ್‌ನಲ್ಲಿ ಅವರು ನಟಾಲ್ ಓಪನ್ ಗೆದ್ದರು. ಬಹುಮಾನದ ಹೊತ್ತಿಗೆ ಮಳೆ. ಸೋತ ಬಿಳಿಯರು ಕ್ಲಬ್ಬಿನ ಒಳಗಿದ್ದರು. ವರ್ಣಭೇದದ ಕಟ್ಟಳೆಯಿಂದಾಗಿ ಗೆದ್ದವರಿಗೆ ಒಳಗೆ ಪ್ರವೇಶವಿಲ್ಲ! ಮಳೆಯಲ್ಲೇ ನಿಂತು ಟ್ರೋಫಿ ಪಡೆದರು. ಆ ಚಿತ್ರ ಜಗತ್ತನ್ನು ಸುತ್ತಿತು. 1965ರಲ್ಲಿ ವಿಶ್ವವಿಖ್ಯಾತ ಗ್ಯಾರಿ ಪ್ಲೇಯರ್ ಅವರನ್ನು ಹಿಂದಿಕ್ಕಿ ಅದೇ ಪಂದ್ಯಾವಳಿಯನ್ನು ಮತ್ತೆ ಗೆದ್ದರು. ಬಳಿಕ ಸರಕಾರ ದೊಡ್ಡ ಪಂದ್ಯಗಳ ಬಾಗಿಲನ್ನೇ ಮುಚ್ಚಿತು. 1978ರಲ್ಲಿ, ಇನ್ನೂ ಐವತ್ತು ತುಂಬುವ ಮೊದಲೇ ಪಾಪ್ವಾ ತೀರಿಕೊಂಡರು. ಇಂದು ಡರ್ಬನ್‌ನ ಒಂದು ಗಾಲ್ಫ್ ಮೈದಾನಕ್ಕೆ ಅವರ ಹೆಸರಿದೆ.

ಪ್ರತಿಭೆಯಿದ್ದರೆ ಯಾರೂ ತಡೆಯಲಾರರು ಎಂದು ಮಕ್ಕಳಿಗೆ ಹೇಳುತ್ತೇವೆ. ನಾನೂ ಹೇಳಿದ್ದೇನೆ. ಆದರೆ ಪಾಪ್ವಾರ ಪ್ರತಿಭೆ ಅವರಿಗೆ ಟ್ರೋಫಿ ಕೊಟ್ಟಿತೇ ಹೊರತು ಒಂದು ಸೂರಿನಡಿ ನಿಲ್ಲುವ ಹಕ್ಕನ್ನು ಕೊಡಲಿಲ್ಲ. ಘನತೆ ಗೆದ್ದು ಪಡೆಯುವ ಬಹುಮಾನವಲ್ಲ. ಸೋತವನಿಗೂ ಅದು ಸಲ್ಲಬೇಕು.

ಆ ಕ್ಲಬ್ಬನ್ನು ದೂರುವುದು ಸುಲಭ. ಮಸೀದಿಯಲ್ಲಿ ಹೆಗಲಿಗೆ ಹೆಗಲು ತಾಗಿಸಿ ಒಂದೇ ಸಾಲಿನಲ್ಲಿ ನಿಲ್ಲುವವರು ನಾವು. ಆದರೆ ನಮ್ಮ ಮದುವೆ ಮನೆಯಲ್ಲಿ ಪಾತ್ರೆ ತೊಳೆದವರು ಎಲ್ಲಿ ಕುಳಿತು ಉಣ್ಣುತ್ತಾರೆ? ಹಿತ್ತಿಲಲ್ಲಿ ತಟ್ಟೆ ಹಿಡಿದು ನಿಂತವರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ, ಒಳಗೆ ಕರೆದದ್ದು ನೆನಪಿಲ್ಲ. ಪಾಪ್ವಾರ ಆ ಮಳೆ ನನ್ನ ಅಂಗಳದಲ್ಲೂ ಸುರಿಯುತ್ತಿದೆ.