‘ಅಡ್ಜಸ್ಟ್ ಆಗುತ್ತೆ’ ಎಂಬ ಮೀನಂಗಡಿಯ ಮಾತು

ಈ ಮೀನನ್ನೂ ಆ ಮೀನನ್ನೂ ಒಟ್ಟಿಗೆ ಬಿಡಬಹುದೇ ಎಂದು ಅಕ್ವೇರಿಯಂ ಅಂಗಡಿಯಲ್ಲಿ ಕೇಳಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ. ಮುಂಬೈಯ ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ಅದನ್ನು ಹಿಂದಿಯಲ್ಲಿ ಹೇಳುತ್ತಾರೆ, ಚೆನ್ನೈಯ ಕೊಳತ್ತೂರಿನಲ್ಲಿ ತಮಿಳಿನಲ್ಲಿ: ಅಡ್ಜಸ್ಟ್ ಆಗುತ್ತೆ. ಕನ್ನಡದ ‘ಹೊಂದಾಣಿಕೆ’ಯಲ್ಲೂ ಇದೇ ತೊಡಕಿದೆ. ಎರಡು ಜೀವಗಳು ತಾವಾಗಿ ಒಗ್ಗಿಕೊಂಡರೂ ಅದು ಹೊಂದಾಣಿಕೆ, ಒಬ್ಬರು ಹಲ್ಲುಕಚ್ಚಿ ಸಹಿಸಿಕೊಂಡರೂ ಹೊಂದಾಣಿಕೆ. ಹೊಸ ಊರಿಗೆ ಬಂದು ಬಾಡಿಗೆ ಮನೆ ಹಿಡಿದವರಿಗೆ ಈ ಎರಡನೆಯ ಅರ್ಥ ಚೆನ್ನಾಗಿ ಗೊತ್ತು. ಆದರೆ ಮನುಷ್ಯರು ಬೇಕೆಂದರೆ ಮನೆ ಬದಲಿಸಬಹುದು. ಗಾಜಿನ ತೊಟ್ಟಿಯೊಳಗಿನ ಮೀನಿಗೆ ಆ ದಾರಿಯಿಲ್ಲ.

ಚೆನ್ನೈಯ ಒಂದು ಕನ್ನಡದ ಮನೆಯಲ್ಲಿ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಇದೆ. ಲೆಕ್ಕಕ್ಕೆ 56 ಲೀಟರು. ಮರಳು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ನೀರು ಅದಕ್ಕಿಂತ ಸಾಕಷ್ಟು ಕಡಿಮೆ. ಅದರಲ್ಲಿ ಇಪ್ಪತ್ತರಷ್ಟು ಕೆಂಪು ಚೆರ್ರಿ ಸೀಗಡಿಗಳು. ಆರನೇ ಕ್ಲಾಸಿನ ಮಗಳಿಗೆ ಇವುಗಳ ಜೊತೆ ಎರಡು ಏಂಜಲ್ ಮೀನು ಬೇಕು. ಅಂಗಡಿಯಲ್ಲಿ ನೋಡಿದವು ನಾಣ್ಯದಷ್ಟು ಚಿಕ್ಕವು, ಪಾಪದವು. ರಜೆಗೆ ಬಂದಿದ್ದ ಉಡುಪಿ ಕಡೆಯ ಅಜ್ಜಿಗೆ ಅಕ್ವೇರಿಯಂ ಗೊತ್ತಿಲ್ಲ, ಮೀನು ಗೊತ್ತು. ಅವರ ತುಳುವಿನಲ್ಲಿ ಸೀಗಡಿ ಎಂದರೆ ಎಟ್ಟಿ. “ಅದರ ಚಂದ ನೋಡಬೇಡ ಮಗಾ, ಬಾಯಿ ನೋಡು. ಎಟ್ಟಿ ಸಿಕ್ಕಿದರೆ ನಾವೇ ಬಿಡುವುದಿಲ್ಲ, ಅದು ಬಿಡುತ್ತದಾ?” ಎಂದರು.

ಹವ್ಯಾಸಿಗಳು ವರ್ಷಗಟ್ಟಲೆ ಸಾಕಿ ಕಲಿಯುವ ಮೊದಲ ನಿಯಮವೂ ಇದೇ. ಮೀನು ಸಾಧುವೋ ಜಗಳಗಂಟಿಯೋ ಎನ್ನುವುದು ಆಮೇಲಿನ ಮಾತು, ಮೊದಲು ಬಾಯಿಯ ಅಳತೆ. ನಾಣ್ಯದಷ್ಟಿರುವ ಏಂಜಲ್ ಸುಮಾರು 15 ಸೆಂಟಿಮೀಟರ್ ಉದ್ದಕ್ಕೆ ಬೆಳೆಯುತ್ತದೆ. ಬೆಳೆದ ಮೇಲೆ ಮೂರು ಸೆಂಟಿಮೀಟರಿನ ನಿಯಾನ್ ಟೆಟ್ರಾವನ್ನೇ ನುಂಗಬಲ್ಲದು, ಸೀಗಡಿ ಯಾವ ಲೆಕ್ಕ? ಇದು ಅದರ ದುಷ್ಟತನವಲ್ಲ, ಊಟ. ಬಲವಿದ್ದವರು ಬಲವಿಲ್ಲದವರನ್ನು ನುಂಗುವ ಸ್ಥಿತಿಯನ್ನು ಕೌಟಿಲ್ಯನ ಅರ್ಥಶಾಸ್ತ್ರ ಮತ್ಸ್ಯನ್ಯಾಯ ಎಂದು ಕರೆಯುತ್ತದೆ. ದಂಡ ಹಿಡಿದವನು ಇಲ್ಲದಾಗ ಹಾಗಾಗುತ್ತದೆ ಎನ್ನುತ್ತದೆ. ತೊಟ್ಟಿಯ ಮಟ್ಟಿಗೆ ದಂಡ ಇರುವುದು ಮೀನು ಕೊಳ್ಳುವವರ ಕೈಯಲ್ಲಿ. ಅದನ್ನು ಬಳಸಬೇಕಾದ್ದು ಅಂಗಡಿಯಲ್ಲಿ, ದುಡ್ಡು ಕೊಡುವ ಮೊದಲು.

ಬಾಯಿಗೆ ಹಿಡಿಯದಿದ್ದರೂ ಕಾಟ ತಪ್ಪುವುದಿಲ್ಲ. ಟೈಗರ್ ಬಾರ್ಬ್ ಯಾರನ್ನೂ ನುಂಗದೆ ಏಂಜಲ್, ಗಪ್ಪಿಗಳ ಉದ್ದ ರೆಕ್ಕೆಗಳನ್ನು ಹರಿದುಹಾಕುತ್ತದೆ. ಗುಂಪಿನಲ್ಲಿ ಬಾಳುವ ಅದನ್ನು ಎರಡು ಮೂರೇ ತಂದು ಬಿಟ್ಟರೆ ಕಾಟ ಇನ್ನೂ ಹೆಚ್ಚು. ಫೈಟರ್ ಮೀನಿನದು ಒಂದೊಂದಕ್ಕೆ ಒಂದೊಂದು ಸ್ವಭಾವ: ಒಂದು ಸೀಗಡಿಯ ತಂಟೆಗೇ ಹೋಗದು, ಇನ್ನೊಂದು ವಾರದೊಳಗೆ ತೊಟ್ಟಿ ಖಾಲಿ ಮಾಡೀತು.

ಸೀಗಡಿಯ ಕಡೆಯಿಂದ ನೋಡಿದರೆ ಇನ್ನೂ ಕೆಲವು ವಿಷಯ ಕಾಣುತ್ತವೆ. ಬೆಳೆದ ಚೆರ್ರಿ ಸೀಗಡಿ ಎರಡೂವರೆ, ಮೂರು ಸೆಂಟಿಮೀಟರ್; ಆಗತಾನೆ ಹುಟ್ಟಿದ ಮರಿ ಎರಡೇ ಮಿಲಿಮೀಟರ್. ಹೆಣ್ಣು ಇಪ್ಪತ್ತು ಮೂವತ್ತು ಮೊಟ್ಟೆಗಳನ್ನು ಹೊಟ್ಟೆಯಡಿ ಸುಮಾರು ಮೂರು ನಾಲ್ಕು ವಾರ ಹೊತ್ತು ತಿರುಗುತ್ತದೆ. ಬೆಳೆಯುತ್ತಾ ಚಿಪ್ಪು ಕಳಚುತ್ತದೆ. ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಅಡಗಲು ಜಾಗ ಬೇಕು. ಮೀನಿಗೆ ಹಾಕುವ ಕೆಲವು ಔಷಧಿಗಳಲ್ಲಿ ತಾಮ್ರ ಇರುತ್ತದೆ. ಮೀನನ್ನು ಉಳಿಸುವ ಆ ಹನಿಗಳೇ ಸೀಗಡಿಯನ್ನು ಕೊಲ್ಲುತ್ತವೆ.

ಊರಿನ ನೀರೂ ಕೆಲವನ್ನು ತಾನೇ ನಿರ್ಧರಿಸಿಬಿಟ್ಟಿರುತ್ತದೆ. ಮುಂಬೈಯ ನಲ್ಲಿಗೆ ಬರುವುದು ತಾನ್ಸಾ, ವೈತರಣಾ, ಭಾತ್ಸಾದಂಥ ಜಲಾಶಯಗಳಲ್ಲಿ ನಿಂತ ಮಳೆನೀರು, ಸಾಮಾನ್ಯವಾಗಿ ಮೆದು. ಅಮೆಜಾನಿನ ಮೆದು ನೀರಿನಿಂದ ಬಂದ ನಿಯಾನ್ ಟೆಟ್ರಾಕ್ಕೆ ಅದು ಹಿತ. ಚೆನ್ನೈ, ಹೈದರಾಬಾದುಗಳ ಬೋರ್‌ವೆಲ್ ನೀರು ಬಕೆಟ್ಟಿನ ಮೇಲೆ ಬಿಳಿ ಕಲೆ ಬಿಡುವಷ್ಟು ಗಡಸು. ಅದು ಗಪ್ಪಿಗೂ ಮಾಲಿಗೂ ಒಗ್ಗುತ್ತದೆ, ತೀರಾ ಅತಿಯಾಗದಿದ್ದರೆ ಚೆರ್ರಿ ಸೀಗಡಿಗೂ ಆಗುತ್ತದೆ. ಚೆನ್ನೈ ಬೇಸಿಗೆಯ ಚಿಂತೆ ಬೇರೆ: ನೀರು 30 ಡಿಗ್ರಿ ದಾಟಿದರೆ ಸೀಗಡಿ ಬಳಲುತ್ತದೆ. ಮೇಲ್ಮೈಗೆ ಗಾಳಿ ಬೀಸುವಂತೆ ಸಣ್ಣ ಫ್ಯಾನ್ ಇಟ್ಟರೆ ಒಂದೆರಡು ಡಿಗ್ರಿ ಇಳಿಯುತ್ತದೆ, ಆರಿದಷ್ಟು ನೀರು ತುಂಬುತ್ತಿರಬೇಕು.

ನಮ್ಮ ಕಡೆಯದೇ ಮೀನಾದರೆ ಆದೀತೇ ಎಂದೂ ಅನ್ನಿಸಬಹುದು. ಕೇರಳ, ಕರ್ನಾಟಕಗಳ ಪಶ್ಚಿಮಘಟ್ಟದ ಹೊಳೆಗಳ ಡೆನಿಸನ್ ಬಾರ್ಬ್, ಅಂಗಡಿಯ ಹೆಸರಿನಲ್ಲಿ ಮಿಸ್ ಕೇರಳ, ಕೆಂಪು ಕಪ್ಪು ಗೆರೆಗಳ ಚೆಲುವೆ. ಅದೂ 15 ಸೆಂಟಿಮೀಟರಿಗೆ ಬೆಳೆಯುತ್ತದೆ, ಗುಂಪು ಬೇಕು, ಹರಿಯುವ ನೀರು ಬೇಕು. ಎರಡಡಿಯ ತೊಟ್ಟಿ ಅದಕ್ಕೆ ಸೆರೆಮನೆ. ಅಳಿವಿನಂಚಿನ ಪಟ್ಟಿಯಲ್ಲಿಯೂ ಅದರ ಹೆಸರಿದೆ. ಊರಿನ ನಂಟು ತೊಟ್ಟಿಯ ಉದ್ದವನ್ನೇನೂ ಹೆಚ್ಚಿಸುವುದಿಲ್ಲ.

ಚೆನ್ನೈಯ ಮನೆಯಲ್ಲಿ ತಾಯಿ ಮಗಳ ಮುಂದೆ ಎರಡೇ ದಾರಿ ಇಟ್ಟರು. ಏಂಜಲ್ ಬೇಕಾದರೆ ಸೀಗಡಿಗಳನ್ನು ಬೇರೆಯವರಿಗೆ ಕೊಟ್ಟು, ಇನ್ನೂ ಎತ್ತರದ ತೊಟ್ಟಿ ತಂದು, ಹೊಸದಾಗಿ ಶುರುಮಾಡಬೇಕು. ಹೊಸ ತೊಟ್ಟಿಯಲ್ಲಿ ಮೀನಿನ ಹೊಲಸನ್ನು ಅರಗಿಸುವ ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಕಾಯಬೇಕು. ಸೀಗಡಿ ಇರಲಿ ಎಂದಾದರೆ ಏಂಜಲ್ ಇಲ್ಲ. ಹುಡುಗಿ ಎರಡು ದಿನ ಮುನಿಸಿಕೊಂಡಳು. ಮೂರನೆಯ ದಿನ ಒಂದು ಸೀಗಡಿಯ ಹೊಟ್ಟೆಯಡಿ ಹಳದಿ ಮೊಟ್ಟೆಗಳು ಕಂಡವು. ಸೀಗಡಿಯೇ ಇರಲಿ ಎಂದಳು.

ಜಾವಾ ಮಾಸ್ ತೊಟ್ಟಿಯ ಅರ್ಧ ತುಂಬಿದ ಮೇಲೆ ಆರು ಗಪ್ಪಿಗಳು ಬಂದವು. ಆರೂ ಗಂಡು, ಸಂತಾನ ಹೆಚ್ಚಿ ತೊಟ್ಟಿ ಇಕ್ಕಟ್ಟಾಗದಿರಲಿ ಎಂದು. ಅವೂ ಕಂಡ ಮರಿಗಳನ್ನು ತಿನ್ನುತ್ತವೆ. ಎಲ್ಲ ಮರಿಯೂ ಉಳಿಯಬೇಕೆನ್ನುವವರು ಮೀನನ್ನೇ ಬಿಡಬಾರದು. ಆದರೆ ಮಾಸ್‌ನೊಳಗೆ ಗಪ್ಪಿಯ ತಲೆ ತೂರದಷ್ಟು ಕಿರಿದಾದ ಸಂದುಗಳಿವೆ, ಸಾಕಷ್ಟು ಮರಿಗಳು ಅಲ್ಲೇ ಬೆಳೆದು ಹೊರಬರುತ್ತವೆ.

ಹಾಗಾಗಿ ಅಂಗಡಿಯಲ್ಲಿ ಕೇಳಬೇಕಾದದ್ದು ಅಡ್ಜಸ್ಟ್ ಆಗುತ್ತದೆಯೇ ಎಂದಲ್ಲ. ಪೂರ್ತಿ ಬೆಳೆದಾಗ ಎಷ್ಟುದ್ದ, ಬಾಯಿ ಎಷ್ಟು ದೊಡ್ಡದು, ನಮ್ಮ ನೀರು ಆಗುತ್ತದೆಯೇ, ಚಿಕ್ಕವಕ್ಕೆ ಅಡಗಲು ಎಲ್ಲಿ ಜಾಗ. ಇವಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಅಡ್ಜಸ್ಟ್ ಆಗುವುದು ಯಾವಾಗಲೂ ಚಿಕ್ಕ ಜೀವವೇ.