ಮೀಟರು ಹೇಳಿದ್ದು, ಹೊಗೆ ಹೇಳಿದ್ದು

ಬೆಳಗಾವಿ ಜಿಲ್ಲೆಯಲ್ಲಿ ಕಬ್ಬು ನುರಿಸುವ ಹಂಗಾಮು ಬರುವುದು ಚಳಿಯ ಜೊತೆಗೆ. ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರುಗಳು, ಕಾರ್ಖಾನೆಗಳ ಚಿಮಣಿಗಳಲ್ಲಿ ಹಗಲೂ ರಾತ್ರಿ ಹೊಗೆ. ರಸ ಹಿಂಡಿದ ಮೇಲೆ ಉಳಿಯುವ ಸಿಪ್ಪೆಯೇ ಅಲ್ಲಿನ ಬಾಯ್ಲರುಗಳಿಗೆ ಉರುವಲು. ಆ ಹೊಗೆಯನ್ನು ಅಳೆಯುವ ಉಪಕರಣಗಳ ರಿಪೇರಿ ನನ್ನ ಹೊಟ್ಟೆಪಾಡು. ಬೆಳಗಾವಿ ಕೋಟೆಯ ಹತ್ತಿರ ಒಂದು ಸಣ್ಣ ಕೋಣೆಯೇ ನನ್ನ ವರ್ಕ್‌ಶಾಪು.

‘ಹೊಗೆಯಲ್ಲಿ ಅಳೆಯುವುದೇನಿದೆ?’ ಎಂದು ಅನೇಕರು ಕೇಳುತ್ತಾರೆ. ಮುಖ್ಯವಾಗಿ ಆಮ್ಲಜನಕ. ನಾವು ಉಸಿರಾಡುವ ಗಾಳಿಯಲ್ಲಿ ಅದು ಶೇಕಡಾ 20.9ರಷ್ಟಿದೆ. ಬೆಂಕಿ ಅದರಲ್ಲಿ ತನಗೆ ಬೇಕಾದಷ್ಟನ್ನು ಬಳಸಿಕೊಂಡು ಮಿಕ್ಕದ್ದನ್ನು ಚಿಮಣಿಗೆ ಬಿಡುತ್ತದೆ. ಸಿಪ್ಪೆ ಉರಿಸುವ ಬಾಯ್ಲರಿನಲ್ಲಿ ಶೇಕಡಾ 5ರಿಂದ 8ರಷ್ಟು ಮಿಕ್ಕರೆ ಉರಿ ಹದವಾಗಿದೆ ಎಂದು ತಿಳಿಯಬಹುದು. ತೀರ ಹೆಚ್ಚು ಮಿಕ್ಕರೆ ಬೇಡದ ಗಾಳಿಯನ್ನು ಕಾಯಿಸಿ ಶಾಖ ಕಳೆದುಕೊಂಡಂತೆ. ತೀರ ಕಡಿಮೆಯಾದರೆ ಉರಿ ಅರೆಬರೆಯಾಗಿ ಮಸಿಯೂ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವೂ ಹೊರಬೀಳುತ್ತವೆ.

ಉಪಕರಣದ ರಚನೆ ಸರಳ. ಚಿಮಣಿಯೊಳಗೆ ಒಂದು ಉಕ್ಕಿನ ಕೊಳವೆ. ಅದರ ಹಿಂದೆ ಬೂದಿ ಹಿಡಿಯುವ ಫಿಲ್ಟರು, ಆಮೇಲೆ ಉದ್ದನೆಯ ಟ್ಯೂಬು, ನೀರು ಇಳಿಸಿಕೊಳ್ಳುವ ಒಂದು ಬಟ್ಟಲು, ನಂತರ ಪಂಪು. ಪಂಪಿನ ಮುಂದೆ ಗಾಜಿನ ನಳಿಗೆಯೊಳಗೆ ಒಂದು ಸಣ್ಣ ಗುಂಡು. ನಿಮಿಷಕ್ಕೆ ಒಂದು ಲೀಟರಿನಷ್ಟು ಅನಿಲ ಹರಿದರೆ ಗುಂಡು ಮೇಲೆದ್ದು ಗೆರೆಯ ಹತ್ತಿರ ನಿಲ್ಲುತ್ತದೆ. ಕೊನೆಗೆ ಆಮ್ಲಜನಕ ಅಳೆಯುವ ಮೀಟರು.

ಕೆಲವು ವರ್ಷಗಳ ಹಿಂದೆ ಒಂದು ಕಾರ್ಖಾನೆಯಿಂದ ಕರೆ ಬಂತು. ಗುಂಡು ಮೇಲೇಳುತ್ತಿಲ್ಲ ಎಂಬುದು ದೂರು. ಆಗ ನನ್ನ ಬಳಿ ಖಾನಾಪುರದ ಕಡೆಯ ಹುಡುಗನೊಬ್ಬ ಕೆಲಸ ಕಲಿಯುತ್ತಿದ್ದ. ಡಿಪ್ಲೊಮಾ ಮುಗಿಸಿದವನು, ಮನೆಯಲ್ಲಿ ಇಟ್ಟಿಗೆ ಭಟ್ಟಿ. ಇಬ್ಬರೂ ಹೋದೆವು.

ಗುಂಡು ಏಳದ ಕಾರಣ ಸಿಗಲು ಬಹಳ ಹೊತ್ತು ಬೇಕಾಗಲಿಲ್ಲ. ಹಿಂಡಿದ ಸಿಪ್ಪೆಯ ತೂಕದಲ್ಲಿ ಸುಮಾರು ಅರ್ಧ ನೀರೇ ಇರುತ್ತದೆ. ಅದೆಲ್ಲ ಆವಿಯಾಗಿ ಹೊಗೆಯೊಡನೆ ಬರುತ್ತದೆ. ಚಳಿಗೆ ತಣ್ಣಗಾದ ಟ್ಯೂಬಿನಲ್ಲಿ ಆವಿ ನೀರಾಗಿ, ಜೋತುಬಿದ್ದ ಕಡೆಯಲ್ಲಿ ನಿಂತಿತ್ತು. ಫಿಲ್ಟರಿನಲ್ಲಿ ಬೂದಿ ನೆನೆದು ಹಿಟ್ಟಿನಂತೆ ಮೆತ್ತಿಕೊಂಡಿತ್ತು. ಫಿಲ್ಟರು ಬದಲಿಸಿ, ನೀರು ಚೆಲ್ಲಿ, ಟ್ಯೂಬನ್ನು ಇಳಿಜಾರಾಗಿ ಕಟ್ಟಿದೆವು. ಗುಂಡು ಗೆರೆ ಮುಟ್ಟಿತು. ಮೀಟರು ಆಮ್ಲಜನಕ ಶೇಕಡಾ 12 ಎಂದಿತು. ಬಿಲ್ಲು ಬರೆಯಿರಿ ಎಂದರು ಅಲ್ಲಿನವರು.

ಅಷ್ಟರಲ್ಲಿ ಬಾಯ್ಲರು ನೋಡಿಕೊಳ್ಳುವ ಹಿರಿಯರೊಬ್ಬರು ಹತ್ತಿರ ಬಂದರು. ‘ಸಾಹೇಬರ, ಬೆಂಕಿ ಮಂಕಾಗಿ ಕೆಂಪಗ ಉರಿಯಾಕತ್ತೈತಿ, ಹೊಗಿ ಕರ್ರಗ ಐತಿ. ಊರಾಗಿನ ಹೆಣ್ಣುಮಕ್ಕಳು ಒಣಹಾಕಿದ ಅರಿಬಿ ಮ್ಯಾಲೆ ಮಸಿ ಕುಂದರತೈತಿ ಅಂತ ದಿನಾ ಬೈತಾರ. ಈ ಮಷಿನ್ ನೋಡಿದ್ರ ಗಾಳಿ ಭಾಳ ಆತು, ಕಮ್ಮಿ ಮಾಡು ಅಂತೈತಿ. ನಾ ಯಾರನ್ನ ನಂಬ್ಲಿ?’

ಹುಡುಗ ಚಿಮಣಿಯ ತುದಿ ನೋಡಿ ಮೆಲ್ಲಗೆ ಹೇಳಿದ: ‘ಸರ, ನಮ್ಮ ಭಟ್ಟ್ಯಾಗ ಹಿಂತಾ ಹೊಗಿ ಬಂದ್ರ ಗಾಳಿ ಸಾಲವಲ್ದು ಅಂತಾರ್ರಿ ನಮ್ಮಪ್ಪ.’

ಕರಿ ಹೊಗೆ ಗಾಳಿ ಸಾಲದು ಎನ್ನುತ್ತದೆ. ಮೀಟರು ಗಾಳಿ ವಿಪರೀತ ಎನ್ನುತ್ತದೆ. ಎರಡೂ ನಿಜವಾಗಿರಲು ಸಾಧ್ಯವಿಲ್ಲ. ಆದರೆ ಕಾರ್ಖಾನೆಯವರ ಬಳಿ ಒಂದು ಪುರಾವೆ ಇತ್ತು. ದಿನಾ ಬೆಳಿಗ್ಗೆ ಟ್ಯೂಬನ್ನು ಬಯಲಿಗೆ ಹಿಡಿದು ಪರೀಕ್ಷಿಸುತ್ತಿದ್ದರು. ಮೀಟರು ತಪ್ಪದೆ 20.9 ತೋರಿಸುತ್ತಿತ್ತು. ಮೀಟರು ಸರಿ ಇದೆಯೆಂಬುದಕ್ಕೆ ಇನ್ನೇನು ಬೇಕು?

ನಾನು ಹುಡುಗನಿಗೆ, ‘ತಮ್ಮಾ, ಟ್ಯೂಬಿನ ಬಾಯಿ ಹೆಬ್ಬೆರಳಿನಿಂದ ಗಟ್ಟಿಯಾಗಿ ಮುಚ್ಚು’ ಎಂದೆ. ಬಾಯಿ ಮುಚ್ಚಿದ ಮೇಲೆ ಒಳಗೆ ಹೋಗಲು ಏನೂ ಇಲ್ಲ. ಗುಂಡು ತಳಕ್ಕೆ ಬೀಳಬೇಕು. ಅದು ಅರ್ಧಕ್ಕೆ ಇಳಿದು ಅಲ್ಲಿಯೇ ತೇಲುತ್ತ ನಿಂತಿತು. ಅಂದರೆ ಬೇರೆ ಯಾವುದೋ ದಾರಿಯಿಂದ ಗಾಳಿ ಒಳಗೆ ಬರುತ್ತಿತ್ತು.

1204ರಲ್ಲಿ ರಟ್ಟರ ಕಾಲದ ಬೀಚಿರಾಜ ಕಟ್ಟಿಸಿದ ನಮ್ಮ ಊರಿನ ಕೋಟೆಯ ಸುತ್ತ ಆಳವಾದ ಕಂದಕವಿದೆ. ಎಷ್ಟು ಗಟ್ಟಿ ಗೋಡೆ ಇದ್ದರೂ ಒಂದು ಕಿಂಡಿ ತೆರೆದಿದ್ದರೆ ಶತ್ರು ಅಲ್ಲಿಂದಲೇ ನುಗ್ಗುತ್ತಾನೆ. ಪಂಪು ಎಳೆಯುವ ಟ್ಯೂಬೂ ಮುತ್ತಿಗೆಗೆ ಸಿಕ್ಕ ಕೋಟೆಯೇ. ಹೊರಗಿನ ಗಾಳಿ ಸುತ್ತಲೂ ಒತ್ತುತ್ತಿರುತ್ತದೆ, ಕೂದಲೆಳೆಯಷ್ಟು ಸಂದು ಸಿಕ್ಕರೂ ಒಳಗೆ ಬರುತ್ತದೆ. ಇಂಥ ಕಡೆ ಸಾಬೂನು ನೀರು ಹಚ್ಚಿದರೆ ಗುಳ್ಳೆ ಏಳುವುದಿಲ್ಲ; ನೀರೇ ಒಳಗೆ ಹೋಗುತ್ತದೆ. ಆದ್ದರಿಂದ ಒಂದೊಂದೇ ಕೀಲು ಬಿಚ್ಚಿ ಬೆರಳಿಟ್ಟು ನೋಡಬೇಕು. ಪಂಪಿನ ಬಾಯಿ ಮುಚ್ಚಿದೆವು, ಗುಂಡು ತಳಕ್ಕೆ ಬಿತ್ತು. ಪಂಪು ಸರಿಯಿದೆ. ನೀರಿನ ಬಟ್ಟಲಿನ ಆಚೆ ಮುಚ್ಚಿದೆವು, ಗುಂಡು ತೇಲಿತು. ದೋಷ ಬಟ್ಟಲಿನಲ್ಲೇ. ಮುಚ್ಚಳದ ರಬ್ಬರು ಉಂಗುರ ಎಷ್ಟೋ ದಿನಗಳ ಹಿಂದೆಯೇ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು.

ಹೊಸ ಉಂಗುರ ಹಾಕಿದೆವು. ಬಾಯಿ ಮುಚ್ಚಿದಾಗ ಗುಂಡು ತಳ ಸೇರಿತು. ಟ್ಯೂಬನ್ನು ಚಿಮಣಿಗೆ ಸೇರಿಸಿದಾಗ ಆಮ್ಲಜನಕ 12ರಿಂದ 3ಕ್ಕೆ ಇಳಿಯಿತು. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು: 3ರ ಹೊಗೆ ಅರ್ಧ, 20.9ರ ಗಾಳಿ ಅರ್ಧ ಬೆರೆಸಿದರೆ ಸಿಗುವುದು ಸುಮಾರು 12. ಮೀಟರು ಸುಳ್ಳು ಹೇಳಿರಲಿಲ್ಲ. ತನಗೆ ಕೊಟ್ಟದ್ದನ್ನು ಸರಿಯಾಗಿಯೇ ಅಳೆದಿತ್ತು. ಕೊಟ್ಟದ್ದು ಬರೀ ಹೊಗೆಯಾಗಿರಲಿಲ್ಲ, ಅಷ್ಟೆ. ವಿಷಾನಿಲವೂ ಇದ್ದುದರ ಅರ್ಧದಷ್ಟೇ ಕಾಣುತ್ತಿತ್ತು. ಆ ಅಂಕಿಯನ್ನು ನಂಬಿ ದಿನದಿನವೂ ಗಾಳಿ ಕಡಿಮೆ ಮಾಡಿದ್ದರಿಂದ ಬೆಂಕಿಗೆ ಉಸಿರು ಕಟ್ಟಿತ್ತು, ಊರಿನ ಮೇಲೆ ಮಸಿ ಬೀಳುತ್ತಿತ್ತು. ಹಿರಿಯರು ಗಾಳಿ ಹೆಚ್ಚಿಸಿದರು. ಮೀಟರು 6ಕ್ಕೆ ಬಂದು ನಿಂತಿತು, ಸ್ವಲ್ಪ ಹೊತ್ತಿನಲ್ಲಿ ಹೊಗೆ ತಿಳಿಯಾಯಿತು.

ಕಟ್ಟಿಕೊಂಡ ಟ್ಯೂಬು ಒಂದು ಲೆಕ್ಕದಲ್ಲಿ ಪ್ರಾಮಾಣಿಕ. ಗುಂಡು ಕೆಳಗೆ ಬಿದ್ದು ದೋಷವಿದೆ ಎಂದು ಅದೇ ಹೇಳಿಬಿಡುತ್ತದೆ. ಸೋರುವ ಟ್ಯೂಬು ಹಾಗಲ್ಲ. ಗುಂಡು ಗೆರೆಯ ಮೇಲೆ, ಅಂಕಿ ಮೀಟರಿನ ಮೇಲೆ, ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ. ಬಯಲಿನಲ್ಲಿ ಮಾಡುತ್ತಿದ್ದ ಪರೀಕ್ಷೆಯಲ್ಲಿ ಅದು ಸಿಕ್ಕಿಬೀಳದಿದ್ದುದಕ್ಕೆ ಕಾರಣವೂ ಇದೆ: ಸೋರಿ ಬಂದದ್ದೂ ಬಯಲಿನ ಗಾಳಿಯೇ. ಸೋರಿದರೂ 20.9, ಸೋರದಿದ್ದರೂ 20.9. ಅಂಥ ಪರೀಕ್ಷೆಯಲ್ಲಿ ಫೇಲಾಗಲು ಸಾಧ್ಯವೇ ಇಲ್ಲ. ಆದ್ದರಿಂದ ಪಾಸಾದದ್ದಕ್ಕೂ ಬೆಲೆಯಿಲ್ಲ.

ಈ ಮಾತು ನಮ್ಮ ಮನೆಯ ಮಕ್ಕಳ ಓದಿಗೂ ಸಲ್ಲುತ್ತದೆ. ಪುಸ್ತಕ ತೆರೆದಿಟ್ಟುಕೊಂಡು ಓದುವಾಗ ಎಲ್ಲವೂ ತಿಳಿದಂತೆಯೇ ಇರುತ್ತದೆ. ‘ಓದಿದಿಯಾ?’ ಎಂದು ತಂದೆತಾಯಿ ಕೇಳಿದರೆ ‘ಓದಿದೆ’ ಎಂಬ ಉತ್ತರವೂ ನಿಜವೇ. ಪುಸ್ತಕ ಮುಚ್ಚಿ ಖಾಲಿ ಹಾಳೆಯ ಮೇಲೆ ಬರೆಯಲು ಕುಳಿತಾಗ ಮಾತ್ರ ಎಲ್ಲಿ ಸೋರಿದೆ ಎಂಬುದು ಗೊತ್ತಾಗುತ್ತದೆ. ಗೊತ್ತಾದರೆ ಹೆದರಬೇಕಾಗಿಲ್ಲ; ಆ ಒಂದು ಉಂಗುರ ಬದಲಿಸಿದರಾಯಿತು.

ಮುಂದೊಮ್ಮೆ ಆ ಹುಡುಗನ ತಂದೆ ವರ್ಕ್‌ಶಾಪಿಗೆ ಬಂದಿದ್ದರು. ‘ನಮ್ಮ ಭಟ್ಟಿ ಮಸ್ಯಾಗ ಬೆಳೆದ ಹುಡುಗ, ಮಷಿನ್ ಕೆಲಸ ಬರತೈತೇನ್ರಿ?’ ಎಂದು ಸಂಕೋಚದಿಂದ ಕೇಳಿದರು. ಅವತ್ತು ಮೀಟರಿಗಿಂತ ಮೊದಲು ಹೊಗೆಯನ್ನು ಓದಿದವನು ಅವರ ಮಗ, ಓದಲು ಕಲಿಸಿದವರು ಅವರೇ ಎಂದು ನಾನು ಹೇಳಿದೆ.